ಹಳೇ ಸ್ಪೂಲ್ ಟೇಪು, ಸೋನಿ ಟಿಸಿ-377 ಮತ್ತೊಂದು ಕೆಂಪು ಡಬ್ಬಿ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮನೆಯ ಹಳೇ ಸ್ಪೂಲ್ ಟೇಪುಗಳನ್ನು (ಕ್ಯಾಸೆಟ್ಟಿನ ಡಬ್ಬಿಯಿಲ್ಲದ, ಬಿಡಿ ಸುರುಳಿಯ ಟೇಪು) ಕಂಪ್ಯೂಟರಿಗೆ ಇಳಿಸುವ ಆಸೆ ಇದ್ದರೆ, ದುಡ್ಡು, ತಾಳ್ಮೆ ಎರಡನ್ನೂ ಟೇಪು ಓಡಿಸುವ ಯಂತ್ರಕ್ಕೆ, ಅಂದರೆ ಡೆಕ್ಕಿಗೆ, ಹಾಕಿ. ಕಂಪ್ಯೂಟರಿಗೆ ಸಿಕ್ಕಿಸುವ ಡಬ್ಬಿ (ಆಡಿಯೊ ಇಂಟರ್‌ಫೇಸ್) ಸಾದಾ ಇದ್ದರೂ ನಡೆಯುತ್ತದೆ. ಬಹಳ ಜನ ಇದನ್ನೇ ತಿರುಗಾಮುರುಗಾ ಮಾಡುತ್ತಾರೆ. ಹತ್ತಾರು ಸಾವಿರದ ಆಡಿಯೊ ಇಂಟರ್‌ಫೇಸ್ ಕೊಳ್ಳುತ್ತಾರೆ. ಅದಕ್ಕೆ ಹೆಡ್ (ಟೇಪಿನಿಂದ ದನಿ ಓದುವ ಭಾಗ) ಸವೆದ, ಟೇಪು ಜಾರುವ ಯಾವುದೋ ಡೆಕ್ ಜೋಡಿಸುತ್ತಾರೆ. ಕೊನೆಗೆ ಟೇಪೇ ಹಾಳಾಗಿದೆ ಅಂತ ಕೈಬಿಡುತ್ತಾರೆ.

ನಾನು ಬಳಸಿದ್ದು ಇಷ್ಟೇ. ಸೆಕೆಂಡ್ ಹ್ಯಾಂಡ್ ಸೋನಿ ಟಿಸಿ-377 ಸ್ಪೂಲ್ ಡೆಕ್, ಬೆಹ್ರಿಂಗರ್ ಯುಸಿಎ222 ಅನ್ನುವ ಅಂಗೈಯಗಲದ ಕೆಂಪು ಯುಎಸ್‌ಬಿ ಡಬ್ಬಿ, ಮಗಳು ಬಿಟ್ಟುಹೋದ ಲ್ಯಾಪ್‌ಟಾಪು, ಮತ್ತೆ ಆಡಾಸಿಟಿ ಅನ್ನುವ, ದನಿ ತುಂಬಿಸಿ ತಿದ್ದುವ ಉಚಿತ ಸಾಫ್ಟ್‌ವೇರ್. ನಾನು ಸಾಗರದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟು ನಿವೃತ್ತಳಾದವಳು. ಹಾಗಾಗಿ ಬರಹ ಅಲ್ಲಲ್ಲಿ ಪಾಠದ ಕಡೆ ವಾಲಿದರೆ ಸಹಿಸಿಕೊಳ್ಳಿ.

ಟೇಪುಗಳು ನಮ್ಮ ಮಾವನವು. 60ರ ದಶಕದಲ್ಲಿ ಅವರು ಬೊಂಬಾಯಿಯಿಂದ ಒಂದು ಗ್ರುಂಡಿಗ್ ಟಿಕೆ 14 ಟೇಪ್ ರೆಕಾರ್ಡರ್ ತರಿಸಿದ್ದರು. ಊರಿಗೆಲ್ಲ ಅದೊಂದೇ. ಜಗಲಿಯಲ್ಲಿ ನಡೆದ ತಾಳಮದ್ದಲೆ, ಮದುವೆಮನೆಯ ಹಾಡು, ರೇಡಿಯೊ ಮುಂದೆ ಮೈಕ್ ಹಿಡಿದು ತುಂಬಿಸಿಕೊಂಡ ಗಾಯನ, ಎಲ್ಲ ಇದೆ. ಗ್ರುಂಡಿಗ್ ಈಗ ಅಲಂಕಾರಕ್ಕೆ. ಒಳಗಿನ ವೈರುಗಳನ್ನು ಇಲಿ ಊಟ ಮಾಡಿವೆ.

ಅಂಗಡಿಗೆ ಕೊಟ್ಟರಾಗದೇ ಅಂತ ಕೇಳಬಹುದು. ನಮ್ಮ ನಾದಿನಿ ಒಂದು ಸ್ಪೂಲನ್ನು ಬೆಂಗಳೂರಿನ ಒಂದು ಅಂಗಡಿಗೆ ಕೊಟ್ಟಿದ್ದಳು. ಪೆನ್‌ಡ್ರೈವಿನಲ್ಲಿ ಎಂಪಿ3 ಬಂತು. ಎಡಗಿವಿಯಲ್ಲಿ ಮಾವನ ದನಿ, ಬಲಗಿವಿಯಲ್ಲಿ ಯಾರೋ ಹಿಂದುಮುಂದಾಗಿ ಗೊಣಗುವ ಸದ್ದು. "ಟೇಪು ಹಳೇದು ಮೇಡಂ, ಹಾಗೇ ಬರೋದು" ಅಂದರಂತೆ. ಹಾಗೇನೂ ಬರುವುದಿಲ್ಲ. ಟೇಪಿನಲ್ಲಿ ಒಂದು ದೋಷವೂ ಇರಲಿಲ್ಲ.

ಸ್ಪೂಲ್ ಟೇಪಿನ ಅಗಲ ಕಾಲು ಇಂಚು, ಅಂದರೆ 6.3 ಮಿಲಿಮೀಟರ್. ಟಿಕೆ 14 ಮೋನೊ (ಎಡ-ಬಲ ಇಲ್ಲದ, ಒಂದೇ ಚಾನೆಲ್ಲಿನ) ಯಂತ್ರ, ಅರ್ಧ ಟ್ರ್ಯಾಕಿನದು. ಟೇಪಿನ ಮೇಲಿನ ಅರ್ಧದಲ್ಲಿ ಒಂದು ಬದಿ. ಸ್ಪೂಲನ್ನು ತಿರುಗಿಸಿ ಹಾಕಿದರೆ ಕೆಳಗಿನ ಅರ್ಧದಲ್ಲಿ ಇನ್ನೊಂದು ಬದಿ, ಎದುರು ದಿಕ್ಕಿನಲ್ಲಿ. ಆಮೇಲೆ ಮನೆಮನೆಗೆ ಬಂದ ಸ್ಟೀರಿಯೊ ಡೆಕ್ಕುಗಳು ಹೆಚ್ಚಿನವು ಕಾಲು ಟ್ರ್ಯಾಕಿನವು. ಅಷ್ಟೇ ಅಗಲದಲ್ಲಿ ನಾಲ್ಕು ಪಟ್ಟಿ. ಒಂದನೇದು ಎಡ ಚಾನೆಲ್, ಮೂರನೇದು ಬಲ ಚಾನೆಲ್. ಎರಡು ಮತ್ತು ನಾಲ್ಕು ತಿರುಗಿಸಿ ಹಾಕಿದಾಗಿನ ಬದಿಗೆ. ಇಂಥ ಡೆಕ್ಕಿಗೆ ಮಾವನ ಟೇಪು ಹಾಕಿದರೆ ಎಡ ಚಾನೆಲ್ ಮೇಲಿನ ಬದಿಯನ್ನು ಸರಿಯಾಗಿ ಓದುತ್ತದೆ. ಬಲ ಚಾನೆಲ್ ಕೆಳಗಿನ ಬದಿಯ ಅಂಚನ್ನು ಕೊನೆಯಿಂದ ಮೊದಲಿಗೆ ಓದುತ್ತದೆ. ಅಂಗಡಿಯವರು ಎರಡನ್ನೂ ಸೇರಿಸಿ ಸ್ಟೀರಿಯೊ ಅಂತ ಕೊಟ್ಟಿದ್ದರು, ಅಷ್ಟೇ.

ನನ್ನ ಟಿಸಿ-377 ಕೂಡ ಕಾಲು ಟ್ರ್ಯಾಕಿನದೇ. ವಿಷಯ ಗೊತ್ತಿದ್ದರೆ ಅದು ತೊಂದರೆಯಲ್ಲ, ಒಂದು ಅನುಕೂಲವೂ ಹೌದು. ಒಂದೇ ಸಲ ಓಡಿಸಿ, ಬಲ ಚಾನೆಲನ್ನು ಆಡಾಸಿಟಿಯಲ್ಲಿ 'ರಿವರ್ಸ್' ಮಾಡಿದರೆ ಹಿಂದಿನ ಬದಿಯಲ್ಲಿ ಏನಿದೆ ಅಂತ ಕೇಳಿ ನೋಡಬಹುದು. ಆದರೆ ಅದನ್ನೇ ಅಂತಿಮ ಅಂತ ಇಟ್ಟುಕೊಳ್ಳಬೇಡಿ. ಮೂರನೇ ಪಟ್ಟಿ ಹಳೇ ಅರ್ಧ ಟ್ರ್ಯಾಕಿನ ಮೇಲೆ ಪೂರ್ತಿ ಕೂರುವುದಿಲ್ಲ. ಸ್ವಲ್ಪ ಭಾಗ ಎರಡು ಬದಿಗಳ ನಡುವಿನ ಖಾಲಿ ಜಾಗದ ಮೇಲೆ ಹೋಗುತ್ತದೆ. ಹಾಗಾಗಿ ದನಿ ಸಣ್ಣ, ಗುಸುಗುಸು ಜಾಸ್ತಿ. ಹಿಂದಿನ ಬದಿ ಬೇಕಿದ್ದರೆ ಸ್ಪೂಲ್ ತಿರುಗಿಸಿ ಇನ್ನೊಮ್ಮೆ ಓಡಿಸಿ. ಎರಡು ಸಲವೂ ಎಡ ಚಾನೆಲನ್ನು ಮಾತ್ರ ಉಳಿಸಿ, ಮೋನೊ ಫೈಲ್ ಮಾಡಿ.

ಈಗ ಡೆಕ್ಕಿಗೆ ಬರುತ್ತೇನೆ. ಟಿಸಿ-377ರಲ್ಲಿ ಮೂರು ವೇಗಗಳಿವೆ: ಸೆಕೆಂಡಿಗೆ 19, 9.5 ಮತ್ತು 4.8 ಸೆಂಟಿಮೀಟರ್. ಮನೆಯಲ್ಲಿ ತುಂಬಿಸಿದ ಟೇಪುಗಳಿಗೆ ಬೇಕಾಗುವುದು ಹೆಚ್ಚಾಗಿ ನಡುವಿನದು. ಟಿಕೆ 14ಕ್ಕೆ ಇದ್ದದ್ದೇ ಆ ಒಂದು ವೇಗ. ಟೇಪು ಉಳಿಸಲು 4.8ರಲ್ಲಿ ತುಂಬಿಸಿದವರೂ ಇದ್ದರು, ಆದ್ದರಿಂದ ಆ ವೇಗ ಇರುವ ಡೆಕ್ಕೇ ಒಳ್ಳೆಯದು. 7 ಇಂಚಿನವರೆಗಿನ ಸ್ಪೂಲ್ ಹಿಡಿಯುತ್ತದೆ. ಹೆಡ್‌ಗಳು ಫೆರೈಟ್‌ನವು. ಫೆರೈಟ್ ಗಟ್ಟಿ, ಬೇಗ ಸವೆಯುವುದಿಲ್ಲ. ಐವತ್ತು ವರ್ಷ ಹಳೇ ಡೆಕ್ ಕೊಳ್ಳುವಾಗ ನಾನು ನೋಡಿದ ಮೊದಲ ಗುಣ ಇದೇ. ಬೆಲ್ಟು, ರಬ್ಬರು, ಕೆಪಾಸಿಟರ್ ಎಲ್ಲ ಬದಲಿಸಬಹುದು. ಸವೆದ ಹೆಡ್‌ಗೆ ಬದಲಿ ಸಿಗುವುದು ಕಷ್ಟ.

ಹಳೇ ಆಡಿಯೊ ಸಾಮಾನು ರಿಪೇರಿ ಮಾಡುವವರೊಬ್ಬರ ಹತ್ತಿರ ಕೊಂಡೆ, ಸರ್ವಿಸ್ ಮಾಡಿಸಿಯೇ ತಂದೆ. ಒಳಗಿನ ಗ್ರೀಸು ವರ್ಷಗಳಾಗಿ ಮೇಣವಾಗಿತ್ತು. ಪಿಂಚ್ ರೋಲರ್ ಅಂತ ಒಂದು ರಬ್ಬರಿನ ಗಾಲಿ ಇರುತ್ತದೆ, ಟೇಪನ್ನು ಕ್ಯಾಪ್‌ಸ್ಟನ್ ಕಂಬಿಗೆ ಒತ್ತಿ ಹಿಡಿಯುವುದು. ಆ ಕಂಬಿ ತಿರುಗಿಯೇ ಟೇಪು ಮುಂದೆ ಸಾಗುವುದು. ರಬ್ಬರು ಗಟ್ಟಿಯಾಗಿದ್ದರೆ ಟೇಪು ಜಾರುತ್ತದೆ, ದನಿ ಅಲೆಯುತ್ತದೆ. ಕೊಳ್ಳುವಾಗ ಪರೀಕ್ಷೆಗೆ ಮಾತಿನ ಟೇಪು ಒಯ್ಯಬೇಡಿ, ಹಾಡಿನದು ಒಯ್ಯಿರಿ. ಮಾತಿನಲ್ಲಿ ಈ ಅಲೆದಾಟ ಗೊತ್ತೇ ಆಗುವುದಿಲ್ಲ. ಹಿಂದೆ ಶ್ರುತಿ ಪೆಟ್ಟಿಗೆ ಎಳೆಯುತ್ತಿರುವ ಟೇಪು ಹಾಕಿದರೆ ಅರ್ಧ ನಿಮಿಷದಲ್ಲಿ ಡೆಕ್ಕಿನ ಬಂಡವಾಳ ಬಯಲು.

ಇನ್ನೊಂದು ಎಚ್ಚರ. ಕ್ಯಾಸೆಟ್ಟಿನಲ್ಲಿ ಮುರಿದು ತೆಗೆಯುವ ಪ್ಲಾಸ್ಟಿಕ್ ಚೂರು ಇರುತ್ತಿತ್ತು, ನೆನಪಿದೆ ಅಲ್ವಾ? ಅದನ್ನು ಮುರಿದರೆ ಯಾರೂ ಅದರ ಮೇಲೆ ಬೇರೆ ತುಂಬಿಸಲು ಆಗುತ್ತಿರಲಿಲ್ಲ. ಸ್ಪೂಲಿಗೆ ಅಂಥ ಕಾವಲು ಯಾವುದೂ ಇಲ್ಲ. ರೆಕಾರ್ಡ್ ಬಟನ್ ಒತ್ತಿಹೋದರೆ ಮಾವನ ಜಾಗದಲ್ಲಿ ಮೌನ. ಆ ಬಟನ್‌ಗಳ ಮೇಲೆ ನಾನು ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದೇನೆ. ನೋಡಲು ಚಂದ ಇಲ್ಲ, ಇರಲಿ.

ಡೆಕ್ ಹುಡುಕುತ್ತಿದ್ದಾಗ ನ್ಯೂಜೆರ್ಸಿಯಲ್ಲಿರುವ ಅಣ್ಣನ ಮಗ ಫೋನ್ ಮಾಡಿ, "ಅತ್ತೆ, ಇಲ್ಲಿ ಒಳ್ಳೇ ಡೆಕ್ ಅಗ್ಗಕ್ಕೆ ಸಿಗ್ತವೆ, ಬರುವಾಗ ತರ್ತೇನೆ" ಅಂದ. ಬೇಡ ಅಂದೆ. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದರಾಯಿತು ಅನ್ನುವುದು ಅವನ ವಾದ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಅಲ್ಲಿ ಕರೆಂಟು 60 ಹರ್ಟ್ಸ್, ಇಲ್ಲಿ 50. ಆ ಕಾಲದ ಸಾದಾ ಡೆಕ್ಕುಗಳ ಎಸಿ ಮೋಟರ್ ಕರೆಂಟಿನ ಹರ್ಟ್ಸ್ ನೋಡಿಯೇ ತಿರುಗುತ್ತದೆ. ಅಲ್ಲಿನ ಡೆಕ್ ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ. ಭಾಗವತರು ನಿದ್ದೆಗಣ್ಣಿನಲ್ಲಿ ಹಾಡಿದಂತೆ ಕೇಳಿಸುತ್ತದೆ. ಕೆಲವು ಡೆಕ್ಕುಗಳಲ್ಲಿ ಮೋಟರಿನ ಪುಲ್ಲಿ ಬದಲಿಸಿ 50ಕ್ಕೆ ಹೊಂದಿಸಬಹುದು. ಕೊಳ್ಳುವ ಮೊದಲು ಹಿಂಬದಿಯ ಫಲಕದಲ್ಲಿ 50 ಹರ್ಟ್ಸ್ ಅಂತ ಇದೆಯಾ ನೋಡಿ. ಬರೀ 60 ಅಂತಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಮಲೆನಾಡಿನ ವೋಲ್ಟೇಜ್ ವಿಷಯ ಎಲ್ಲರಿಗೂ ಗೊತ್ತು. ಮಳೆ ಗಾಳಿಗೆ ಬಲ್ಬು ಮೊಂಬತ್ತಿಯಾಗುತ್ತದೆ. ಆದರೆ ಅದರಿಂದ ಡೆಕ್ಕಿನ ವೇಗ ಅಷ್ಟೇನೂ ಕೆಡುವುದಿಲ್ಲ, ಯಾಕೆಂದರೆ ಹರ್ಟ್ಸ್ ಗ್ರಿಡ್ಡಿನಿಂದ ಬರುವಂಥದ್ದು. ಕಾಟ ಕೊಡುವುದು ಮನೆಯ ಯುಪಿಎಸ್. ಅಗ್ಗದ ಸ್ಕ್ವೇರ್ ವೇವ್ ಯುಪಿಎಸ್ ಮೇಲೆ ಡೆಕ್ ಓಡಿಸಿದರೆ ಮೋಟರೂ ಗುಂಯ್‌ಗುಡುತ್ತದೆ, ಸ್ಪೀಕರಿನಲ್ಲೂ ಗುಂಯ್. ಕರೆಂಟು ಹೋದರೆ ಕೆಲಸ ನಿಲ್ಲಿಸಿ, ಕಾಫಿ ಕುಡಿಯಿರಿ.

ನನಗೆ ಅತಿ ದೊಡ್ಡ ಲಾಭ ಕೊಟ್ಟದ್ದು ಕಾಸು ಖರ್ಚಿಲ್ಲದ ಒಂದು ತಿರುಪು. ಪ್ಲೇಬ್ಯಾಕ್ ಹೆಡ್‌ನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಹೆಡ್ ಟೇಪಿಗೆ ಎಷ್ಟು ನೇರವಾಗಿ ನಿಂತಿದೆ ಅನ್ನುವುದನ್ನು ಅದು ನಿರ್ಧರಿಸುತ್ತದೆ. ಅಜಿಮತ್ ಅನ್ನುತ್ತಾರೆ. ಮಾವನ ಗ್ರುಂಡಿಗ್‌ನ ಹೆಡ್ ಕೂದಲೆಳೆಯಷ್ಟು ವಾರೆ ಇದ್ದಿರಬೇಕು. ಅದರಲ್ಲಿ ತುಂಬಿಸಿದ್ದನ್ನು ನೆಟ್ಟಗೆ ನಿಂತ ಹೆಡ್‌ನಲ್ಲಿ ಕೇಳಿದರೆ ದನಿ ಕಂಬಳಿ ಹೊದ್ದುಕೊಂಡಿರುತ್ತದೆ. ಟೇಪು ಓಡುತ್ತಿರುವಾಗ, ಹೆಡ್‌ಫೋನ್ ಹಾಕಿಕೊಂಡು, ಆ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟು ಆಚೀಚೆ ತಿರುಗಿಸಿ. ಒಂದು ಜಾಗದಲ್ಲಿ ಸ, ಶ, ಚ ಅಕ್ಷರಗಳು ಥಟ್ಟನೆ ಚೂಪಾಗುತ್ತವೆ, ತಾಳದ ಕಿಣಿ ಎದ್ದು ಬರುತ್ತದೆ. ಅಲ್ಲಿ ನಿಲ್ಲಿಸಿ. ಕರ್ಣನ ಪಾತ್ರದ ಅರ್ಥಧಾರಿ ಏನೋ ಹೇಳಿ ಎಲ್ಲರೂ ನಗುವ ಒಂದು ಜಾಗವಿದೆ. ಆ ಸ್ಕ್ರೂ ತಿರುಗಿದ ಮೇಲೆಯೇ ನಮಗೆ ಆ ಮಾತು ತಿಳಿದದ್ದು. ಶಲ್ಯನ ಸಾರಥ್ಯದ ಮೇಲೆ ಚುಚ್ಚಿದ್ದು! ಮಾವ ನಕ್ಕದ್ದು ಎಲ್ಲರಿಗಿಂತ ಗಟ್ಟಿಯಾಗಿ ಕೇಳುತ್ತದೆ, ಮೈಕಿನ ಪಕ್ಕದಲ್ಲೇ ಕೂತಿದ್ದರಲ್ಲ. ತಿರುಗಿಸುವ ಮೊದಲು ಸ್ಕ್ರೂ ಇದ್ದ ಜಾಗಕ್ಕೆ ಒಂದು ಗುರುತು ಹಾಕಿಕೊಳ್ಳಿ. ಅಯಸ್ಕಾಂತ ಹಿಡಿದ ಸ್ಕ್ರೂಡ್ರೈವರ್ ಹತ್ತಿರ ತರಲೇಬೇಡಿ.

ಹೆಡ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಕಿವಿಗೆ ಹಾಕುವ ಹತ್ತಿ ಕಡ್ಡಿ ಸಾಕು. ಮೆಡಿಕಲ್ ಶಾಪಿನ ಸ್ಪಿರಿಟ್ ಬೇಡ, ಅದರಲ್ಲಿ ನೀರು ಇತ್ಯಾದಿ ಬೆರೆತಿರುತ್ತದೆ. ಪ್ರತಿ ಸ್ಪೂಲ್ ಆದ ಮೇಲೂ ಒರೆಸಿ. ಕಡ್ಡಿಯ ತುದಿಗೆ ಬರುವ ಕಂದು ಪುಡಿಯೇ ಟೇಪಿನ ಮೇಲಿದ್ದ, ದನಿ ಹಿಡಿದಿಡುವ ಆಕ್ಸೈಡ್.

ಕೆಂಪು ಡಬ್ಬಿಯ ಬಗ್ಗೆ ಹೇಳುವುದು ಕಡಿಮೆ, ಅದೇ ಅದರ ದೊಡ್ಡತನ. ನಾನು ಕೊಂಡಾಗ ಮೂರು ಸಾವಿರದ ಒಳಗೇ ಇತ್ತು. ಎರಡು ಆರ್‌ಸಿಎ (ಹಳೇ ಟಿವಿ, ಡಿವಿಡಿಗಳಲ್ಲಿದ್ದ ಕೆಂಪು-ಬಿಳಿ ಪಿನ್ನಿನ) ಇನ್‌ಪುಟ್, ಎರಡು ಔಟ್‌ಪುಟ್, ಒಂದು ಹೆಡ್‌ಫೋನ್ ತೂತು. ಡ್ರೈವರ್ ಹಾಕುವ ಗೋಳಿಲ್ಲ. ಸಿಕ್ಕಿಸಿದರೆ 'ಯುಎಸ್‌ಬಿ ಆಡಿಯೊ ಕೋಡೆಕ್' ಅಂತ ಆಡಾಸಿಟಿಯಲ್ಲಿ ಕಾಣಿಸುತ್ತದೆ. ಡೆಕ್ಕಿನ ಲೈನ್ ಔಟ್‌ನಿಂದ ಒಂದು ಆರ್‌ಸಿಎ ಕೇಬಲ್ ಎಳೆದರೆ ಆಯಿತು. ಹಳೇ ಜರ್ಮನ್ ಯಂತ್ರವಾದರೆ ಐದು ಪಿನ್ನಿನ ಡಿನ್ ಸಾಕೆಟ್ ಇರುತ್ತದೆ, ಅದಕ್ಕೆ ಬೇರೆ ಕೇಬಲ್ ಬೇಕು.

ಕೊರತೆ ಇಲ್ಲ ಅಂತಲ್ಲ. ಒಳಬರುವ ದನಿಯನ್ನು ಏರಿಸಿ ಇಳಿಸುವ ಗುಂಡಿ ಇದರಲ್ಲಿಲ್ಲ. ವಿಂಡೋಸ್ ಇದನ್ನು ಮೈಕ್ ಅಂದುಕೊಂಡು ರೆಕಾರ್ಡಿಂಗ್ ಮಟ್ಟವನ್ನು ಮಿತಿ ಮೀರಿ ಇಡುವುದುಂಟು, ಅದನ್ನು ಸೆಟ್ಟಿಂಗ್ಸಿಗೆ ಹೋಗಿ ಇಳಿಸಬೇಕು. ಮದ್ದಲೆಯ ಗಟ್ಟಿ ಹೊಡೆತಕ್ಕೂ ಆಡಾಸಿಟಿಯ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಂಡರೆ ಸಾಕು. ಡಬ್ಬಿ 16 ಬಿಟ್, 48 ಕಿಲೊಹರ್ಟ್ಸ್‌ಗೆ ಸೀಮಿತ. ಅಂದರೆ ದನಿಯನ್ನು ಸೆಕೆಂಡಿಗೆ 48 ಸಾವಿರ ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆಯುತ್ತದೆ. ದನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘ ಐಎಎಸ್‌ಎ ಕೇಳುವುದು ಕನಿಷ್ಠ 24 ಬಿಟ್. ದೊಡ್ಡ ಕಲಾವಿದರ ಅಪರೂಪದ ಕಛೇರಿ ನಿಮ್ಮ ಹತ್ತಿರ ಇದ್ದರೆ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಥರದ 24 ಬಿಟ್ ಇಂಟರ್‌ಫೇಸ್ ಕೊಳ್ಳಿ. ಬೆಲೆ ಹಲವು ಪಟ್ಟು ಜಾಸ್ತಿ. ನಮ್ಮಂಥ ಮನೆಯ ಟೇಪಿಗೆ? 16 ಬಿಟ್ ಅಂದರೆ ಅತಿ ಸಣ್ಣ ದನಿಯಿಂದ ಅತಿ ದೊಡ್ಡ ದನಿಯ ತನಕ ಹೆಚ್ಚುಕಡಿಮೆ 96 ಡೆಸಿಬೆಲ್ ಹರವು. 60ರ ದಶಕದ ಮನೆ ಮೈಕು, ಮೋನೊ ಟೇಪು, ಹಂಚಿನ ಮೇಲೆ ಮಳೆ, ಪಕ್ಕದಲ್ಲಿ ಕವಳ ಕುಟ್ಟುವ ಸದ್ದು. ಇವುಗಳಿಗೆ ಅದರ ಅರ್ಧ ಹರವು ಸಿಕ್ಕರೆ ಹೆಚ್ಚು.

ಗುಂಯ್ ಸದ್ದು ಬರುತ್ತಿದ್ದರೆ ಡಬ್ಬಿಯನ್ನು ಬೈಯುವ ಮುಂಚೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಮ್ಮಲ್ಲಿ ಅದು ಗ್ರೌಂಡ್ ಲೂಪ್, ಅಂದರೆ ಜೋಡಿಸಿದ ಯಂತ್ರಗಳ ಅರ್ತ್ ಸುತ್ತು ಕಟ್ಟಿ ಹುಟ್ಟುವ ಸದ್ದು. ಚಾರ್ಜರ್ ತೆಗೆದ ತಕ್ಷಣ ನಿಂತಿತು.

ಆ 50 ಹರ್ಟ್ಸ್ ಗುಂಯ್‌ನಿಂದ ಒಂದು ಉಪಕಾರವೂ ಇದೆ. ಟೇಪಿನೊಳಗೂ ಅದು ಸೇರಿಕೊಂಡಿರುತ್ತದೆ. ಅಂದು ತುಂಬಿಸುವಾಗಿನ ಕರೆಂಟಿನ ಗುಂಯ್. ಯಾವ ಹರ್ಟ್ಸಿನಲ್ಲಿ ಎಷ್ಟು ದನಿ ಇದೆ ಅಂತ ತೋರಿಸುವ ಆಡಾಸಿಟಿಯ 'ಪ್ಲಾಟ್ ಸ್ಪೆಕ್ಟ್ರಮ್' ತೆಗೆದು ಯಾರೂ ಮಾತಾಡದ ಭಾಗವನ್ನು ನೋಡಿದರೆ, 50ರ ಇಮ್ಮಡಿಯಾದ 100 ಹರ್ಟ್ಸ್ ಹತ್ತಿರ (ಗುಂಯ್ ಅಲ್ಲೂ ಕಾಣಿಸಿಕೊಳ್ಳುತ್ತದೆ) ಕೆಲವೊಮ್ಮೆ ಎರಡು ಶಿಖರ ಕಾಣುತ್ತವೆ. ಸರಿಯಾಗಿ 100ರಲ್ಲಿರುವುದು ಈಗಿನ ಡೆಕ್ಕಿನದು. ಪಕ್ಕದ್ದು, ಉದಾಹರಣೆಗೆ 97ರಲ್ಲಿ, ಟೇಪಿನದು. ಅಂದರೆ ಟೇಪು ಶೇಕಡಾ 3ರಷ್ಟು ನಿಧಾನವಾಗಿ ಓಡುತ್ತಿದೆ. 'ಚೇಂಜ್ ಸ್ಪೀಡ್' ಹಾಕಿ ಅಷ್ಟು ಏರಿಸಿದರೆ ಭಾಗವತರ ಶ್ರುತಿ ಜಾಗಕ್ಕೆ ಬರುತ್ತದೆ. ನನ್ನ ಹಳೇ ವಿದ್ಯಾರ್ಥಿಗಳಿಗೆ ಇದನ್ನು ತೋರಿಸುವ ಭಾಗ್ಯ ಸರ್ವಿಸಿನಲ್ಲಿದ್ದಾಗ ಬರಲಿಲ್ಲವಲ್ಲ ಅಂತ ಒಂದು ಕೊರಗು.

ಆಡಾಸಿಟಿಯ 'ನಾಯ್ಸ್ ರಿಡಕ್ಷನ್' ಬಗ್ಗೆ ನನ್ನ ಅಭಿಪ್ರಾಯ ಕಟು. ಮುಟ್ಟದಿದ್ದರೆ ಒಳ್ಳೆಯದು. ಸ್ವಲ್ಪ ಜಾಸ್ತಿಯಾದರೂ ಮನುಷ್ಯರ ದನಿ ನೀರೊಳಗಿನಿಂದ ಬಂದಂತಾಗುತ್ತದೆ. ಮೂಲವನ್ನು ಹಾಗೇ ಕುಗ್ಗಿಸದ ವೇವ್ ಫೈಲಾಗಿ ಇಡಿ. ವಾಟ್ಸಾಪಿನಲ್ಲಿ ನೆಂಟರಿಗೆ ಕಳಿಸಲು ಬೇರೆ ಎಂಪಿ3 ಮಾಡಿ. 16 ಬಿಟ್ ಮೋನೊ ಫೈಲು ಗಂಟೆಗೆ 350 ಎಂಬಿಯ ಆಸುಪಾಸು. ಟಿಕೆ 14ರಲ್ಲಿ ಹಿಡಿಯುವ 15 ಸೆಂಟಿಮೀಟರ್ ಸ್ಪೂಲಿನಲ್ಲಿ 360 ಮೀಟರ್ ಲಾಂಗ್ ಪ್ಲೇ ಟೇಪು ಇದ್ದರೆ ಬದಿಗೆ ಒಂದು ಗಂಟೆ ಚಿಲ್ಲರೆ. ಈಗಿನ ಹಾರ್ಡ್ ಡಿಸ್ಕಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಎರಡು ಡಿಸ್ಕಿನಲ್ಲಿಡಿ, ಒಂದು ಬೇರೆ ಊರಿನಲ್ಲಿರಲಿ.

ಟೇಪಿನ ಸ್ಥಿತಿಯ ಬಗ್ಗೆ ನಮ್ಮ ಕಡೆಯವರಿಗೆ ಮುಖ್ಯವಾದ ಮಾತು ಬೂಸ್ಟು. ಸ್ಪೂಲಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಓಡಿಸಬೇಡಿ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಕೂತು ಮೃದು ಬ್ರಷ್ಷಿನಿಂದ ತೆಗೆಯಿರಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕುವುದೇ ಬೇಡ, ಸಂಕ್ರಾಂತಿಯಿಂದ ಯುಗಾದಿಯ ತನಕ ಒಳ್ಳೆಯ ಕಾಲ. ನಮ್ಮವು ಅಡುಗೆಮನೆ ಅಟ್ಟದ ಮೇಲಿದ್ದವು. ಹೊಗೆಯ ಪುಣ್ಯದಿಂದ ಬೂಸ್ಟು ಬರಲಿಲ್ಲ, ಆದರೆ ಪೆಟ್ಟಿಗೆಗಳೆಲ್ಲ ಮಸಿ. ತುಂಡಾದ ಜಾಗಕ್ಕೆ ಹಿಂದಿನವರು ಸೆಲ್ಲೊ ಟೇಪು ಹಚ್ಚಿದ್ದರೆ ಅದನ್ನು ತೆಗೆದು, ಈ ಜೋಡಣೆಗೆಂದೇ ಇರುವ ಸ್ಪ್ಲೈಸಿಂಗ್ ಟೇಪು ಹಚ್ಚಿ. ಸೆಲ್ಲೊ ಟೇಪಿನ ಅಂಟು ಒಸರಿ ಪಕ್ಕದ ಸುತ್ತಿಗೂ ಹತ್ತಿರುತ್ತದೆ.

ಸ್ಪೂಲನ್ನು ಬೆಳಕಿಗೆ ಅಡ್ಡ ಹಿಡಿದು ನೋಡುವುದೂ ಒಳ್ಳೆಯದು. ಬೆಳಕು ಹಾದು ಬಂದರೆ ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಟೇಪು, ಹಳೇದಾದಷ್ಟೂ ಮುರುಕು. ವಿನೆಗರ್ ವಾಸನೆ ಬರುತ್ತಿದ್ದರೆ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಅದನ್ನು ಉಳಿದವುಗಳ ಜೊತೆ ಇಡಬೇಡಿ, ಮೊದಲು ಅದನ್ನೇ ಇಳಿಸಿ. ಫಾಸ್ಟ್ ರಿವೈಂಡ್ ಮಾತ್ರ ಬೇಡ. 70, 80ರ ದಶಕದ ಕೆಲವು ಅಮೆರಿಕನ್ ಟೇಪುಗಳದು ಬೇರೆ ಕಾಯಿಲೆ, ಅಂಟಂಟಾಗಿ ಹೆಡ್‌ಗೆ ಹಿಡಿಯುತ್ತವೆ. ಅವನ್ನು ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಆಮೇಲೆ ಓಡಿಸುವ ಕ್ರಮವಿದೆ. ಅದು ಬಲ್ಲವರ ಕೆಲಸ, ಮನೆಯ ಓವನ್ನಿನಲ್ಲಿ ಬೇಡ. ಅಸಿಟೇಟಿಗಂತೂ ಶಾಖ ಸಲ್ಲದು.

ಯಾರು ಮಾಡಬಹುದು? ಹತ್ತಿಪ್ಪತ್ತು ಸ್ಪೂಲ್ ಇದ್ದು, ಪ್ರತಿಯೊಂದನ್ನೂ ಕೂತು ಪೂರ್ತಿ ಕೇಳುವ ಪುರುಸೊತ್ತು ಇದ್ದವರು. ಇದರಲ್ಲಿ ಓಟದ ವೇಗ ಹೆಚ್ಚಿಸಿ ಮುಗಿಸುವ ಉಪಾಯವಿಲ್ಲ, ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಹಿಡಿದೇ ಹಿಡಿಯುತ್ತದೆ. ಒಂದೆರಡೇ ಸ್ಪೂಲ್ ಇದ್ದರೆ ಡೆಕ್ ಕೊಳ್ಳುವುದು ದಂಡ, ಅಂಗಡಿಗೇ ಕೊಡಿ. ಕೊಡುವಾಗ ಮಾತ್ರ "ನಿಮ್ಮ ಹೆಡ್ ಅರ್ಧ ಟ್ರ್ಯಾಕೋ ಕಾಲು ಟ್ರ್ಯಾಕೋ? ಪ್ರತಿ ಟೇಪಿಗೂ ಅಜಿಮತ್ ಹೊಂದಿಸ್ತೀರಾ? ವೇವ್ ಫೈಲ್ ಕೊಡ್ತೀರಾ?" ಅಂತ ಕೇಳಿ. ಮುಖ ನೋಡಿದರೇ ಉತ್ತರ ತಿಳಿಯುತ್ತದೆ.

ಡೆಕ್ಕಿಗೆ ಐದರಲ್ಲಿ ನಾಲ್ಕೂವರೆ ಅಂಕ. ಅರ್ಧ ಕಳೆದದ್ದು ತೂಕಕ್ಕೆ, ಅದನ್ನು ಮೇಜಿನಿಂದ ಎತ್ತಲು ಇಬ್ಬರು ಬೇಕು. ಕೆಂಪು ಡಬ್ಬಿಗೆ ನಾಲ್ಕು. ಆಡಾಸಿಟಿಗೆ ಐದಕ್ಕೆ ಐದು, ಪುಕ್ಕಟೆ ಸಿಕ್ಕಿದ್ದಕ್ಕೆ ಕಡಿಮೆ ಕೊಡಲು ಮನಸ್ಸು ಬರಲಿಲ್ಲ. ಡೆಕ್ಕಿನ ಜೊತೆ, ಓಡಿದ ಟೇಪು ಸುತ್ತಿಕೊಳ್ಳಲು ಬೇಕಾದ ಖಾಲಿ ಸ್ಪೂಲ್ ಬರಲಿಲ್ಲ, ಗ್ರುಂಡಿಗ್‌ನ ಒಂದರಲ್ಲೇ ಕಾಲ ತಳ್ಳುತ್ತಿದ್ದೇನೆ. 7 ಇಂಚಿನ ಖಾಲಿ ಸ್ಪೂಲ್ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಎಸೆಯಬೇಡಿ. ಪ್ಲಾಸ್ಟಿಕ್ಕಿನದಾದರೂ ಅಡ್ಡಿಲ್ಲ, ಅಂಚು ಮುರಿದಿರದಿದ್ದರೆ ಸಾಕು.